ಹಿತ್ತಲ ಗೂಡಿನಲ್ಲಿಟ್ಟ ಗ್ಲಾಸು

ನಮ್ಮ ಮನೆಗೆ ಬಂದ ಮೊದಲ ದಿನ ಆ ಹುಡುಗಿ ನೀರು ಕುಡಿದದ್ದು ಹಿತ್ತಲ ಬಾಗಿಲ ಹತ್ತಿರ ನಿಂತು, ಬೊಗಸೆಯೊಡ್ಡಿ. ಪಕ್ಕದಲ್ಲಿ ಅವಳ ತಾಯಿಯೂ ಹಾಗೇ ನಿಂತಿದ್ದಳು. ಸಿರುಗುಪ್ಪದ ಹತ್ತಿರದ ರಾರಾವಿಯಲ್ಲಿ ನನ್ನ ತವರಿನವರ ಗದ್ದೆಯಿದೆ. ಈ ತಾಯಿ ಅಲ್ಲಿ ಎಷ್ಟೋ ವರ್ಷಗಳಿಂದ ನಾಟಿಗೆ, ಕಳೆಗೆ ಬರುವವಳು. ಊರ ಹೊರಗಿನ ಕೇರಿಯವಳು. ಮಗಳಿಗೆ ಬಳ್ಳಾರಿಯಲ್ಲಿ ಬಿ.ಎಸ್ಸಿ. ಸೀಟು ಸಿಕ್ಕಿತ್ತು, ಹಾಸ್ಟೆಲ್ ಸಿಕ್ಕಿರಲಿಲ್ಲ. "ನಮ್ಮನ್ಯಾಗ ಇರಲಿ ಬಿಡು, ಒಂದು ರೂಮು ಖಾಲಿ ಐತಿ" ಅಂದವಳು ನಾನೇ. ಕೆಲಸಕ್ಕಲ್ಲ, ಓದಲಿಕ್ಕೆ. ಅದನ್ನು ಎರಡು ಸಲ ಒತ್ತಿ ಹೇಳಿದ್ದೆ.

ಆ ಬೊಗಸೆ ನೋಡಿ ನನಗೆ ಸಿಟ್ಟೇ ಬಂತು. ಒಳಗಿನಿಂದ ಸ್ಟೀಲಿನ ಗ್ಲಾಸು ತುಂಬಿಸಿ ತಂದು ಹುಡುಗಿಯ ಕೈಗೆ ಕೊಟ್ಟೆ. ಅವಳು ಅದನ್ನು ಗೇಣೆತ್ತರ ಎತ್ತಿ, ತುಟಿಗೆ ತಾಗಿಸದೆ ಗಟಗಟ ಸುರಿದುಕೊಂಡಳು.

"ಎತ್ತಿ ಯಾಕ ಕುಡೀತಿ? ಕಚ್ಚಿ ಕುಡಿ. ಈ ಮನ್ಯಾಗ ಅವೆಲ್ಲ ಇಲ್ಲ."

ತಾಯಿ ನಕ್ಕಳು. "ಬ್ಯಾಡ್ರಿ ಅಮ್ಮಾರ. ರೂಢಿ ಹಚ್ಚಿದ್ರ ಆಮ್ಯಾಲೆ ಬಿಡಂಗಿಲ್ಲ ಆಕಿ."

"ಬಿಡಬ್ಯಾಡ ಅಂತ್ಲೇ ಹಚ್ತೀನಿ" ಅಂದೆ. ಎಷ್ಟು ಹೆಮ್ಮೆ ಆ ಮಾತಿನಲ್ಲಿ!

ನಾನು ಓದಿದ್ದು ಬಳ್ಳಾರಿಯ ಕಾನ್ವೆಂಟಿನಲ್ಲಿ, ಬೋರ್ಡಿಂಗಿನಲ್ಲಿದ್ದುಕೊಂಡು. ಎಂಟನೇ ವಯಸ್ಸಿಗೆ ಕುರುಗೋಡಿನ ಮನೆಯಿಂದ ಅಲ್ಲಿಗೆ ಹೋದಾಗ ನಾನೂ ಎತ್ತೇ ಕುಡಿಯುತ್ತಿದ್ದೆ. ಒಬ್ಬ ಸಿಸ್ಟರ್ ನನ್ನ ಕೈಯ ಗ್ಲಾಸನ್ನು ಮೆಲ್ಲಗೆ ತುಟಿಗಿಳಿಸಿ, "ಸಿಪ್, ಡಿಯರ್, ಸಿಪ್" ಅಂದಿದ್ದರು. ಗಿಡಕ್ಕೆ ನೀರು ಹಾಕುವವರ ಹಾಗೆ ಬಾಯಿಗೆ ಹಾಕಿಕೊಳ್ಳಬಾರದು, ಅದು ಬ್ಯಾಡ್ ಮ್ಯಾನರ್ಸ್. ಆವತ್ತಿನಿಂದ ಕಚ್ಚಿ ಕುಡಿಯುವುದೇ ನನ್ನ ಪಾಲಿಗೆ ನಾಗರಿಕತೆಯ ಗುರುತಾಯಿತು. ರಜೆಗೆ ಕುರುಗೋಡಿಗೆ ಹೋದರೆ ಹಿತ್ತಲ ಗೋಡೆಯ ಗೂಡಿನಲ್ಲಿ ಆಳುಮಕ್ಕಳಿಗೆಂದು ಇಟ್ಟ ಅಲ್ಯೂಮಿನಿಯಂ ಬಟ್ಟಲು ಕಣ್ಣಿಗೆ ಬೀಳುತ್ತಿತ್ತು. ಹನ್ನೆರಡು ವರ್ಷದವಳಿದ್ದಾಗ ಒಮ್ಮೆ ಅದನ್ನು ಎತ್ತಿಕೊಂಡು ಹೋಗಿ ಅವ್ವನ ಮುಂದೆ ಕುಕ್ಕಿ, ಇಂಗ್ಲಿಷಿನಲ್ಲಿ ದೊಡ್ಡ ಭಾಷಣ ಬಿಗಿದೆ. ಅವ್ವ ಅಡುಗೆಯವಳ ಕಡೆ ತಿರುಗಿ, "ಏನಂತಾಳಲೇ ಇಕಿ? ಹಸಿವಾಗೇತೇನ ನೋಡು" ಅಂದಳು. ಬಟ್ಟಲು ಮತ್ತೆ ಗೂಡಿಗೆ ಹೋಯಿತು. ಆದರೂ ಆ ಭಾಷಣ ಮಾಡಿದವಳು ನಾನು ಎಂಬುದನ್ನು ಜೀವಮಾನವಿಡೀ ಒಂದು ಮೆಡಲ್ಲಿನ ಹಾಗೆ ಎದೆಗೆ ಸಿಕ್ಕಿಸಿಕೊಂಡು ತಿರುಗಿದೆ. ಮುಂದೆ ಟೀಚರಾದೆ, ಮಕ್ಕಳಿಗೂ ಅದನ್ನೇ ಹೇಳಿಕೊಟ್ಟೆ.

ಬಳ್ಳಾರಿಯ ಮನೆಯಲ್ಲಿ ನಾನು, ಮಗಳು, ಅಳಿಯ, ಒಂಬತ್ತು ವರ್ಷದ ಮೊಮ್ಮಗಳು. ಈ ಹುಡುಗಿ ಬಂದು ಐವರಾದೆವು. ವಾಟರ್ ಫಿಲ್ಟರಿನ ಮೇಲೆ ಬೋರಲು ಹಾಕಿದ ಒಂದೇ ಗ್ಲಾಸು. ಐದೂ ಜನ ಅದರಲ್ಲೇ ಕುಡಿಯುವುದು, ತುಟಿ ಹಚ್ಚಿ. ಸಂಜೆ ನನಗೆ ಪೂರ್ತಿ ಕಾಫಿ ಇಳಿಯುವುದಿಲ್ಲ. ಅರ್ಧ ಕುಡಿದು ಕಪ್ಪನ್ನು ಅವಳ ಕಡೆ ಸರಿಸುತ್ತಿದ್ದೆ. ಅವಳು ಎಂದೂ ಒಲ್ಲೆ ಅನ್ನಲಿಲ್ಲ. ಮೊಮ್ಮಗಳು ಕರೆಯುವುದನ್ನು ಕೇಳಿ ತಾನೂ ನನ್ನನ್ನು ಅಜ್ಜಿ ಅನ್ನತೊಡಗಿದಳು. ಒಂದು ವರ್ಷ ಹೀಗೆ ನಡೆಯಿತು. ನನ್ನ ಮುಪ್ಪಿನಲ್ಲಿ ಅದೊಂದು ಚೆಂದದ ವರ್ಷ.

ಮರುವರ್ಷ ಮಳೆಗಾಲದ ಶುರುವಿನಲ್ಲಿ ಅವಳಿಗೆ ಜ್ವರ ಬಂತು. ಗಂಟಲು ನೋವು, ಕುತ್ತಿಗೆಯ ಎರಡೂ ಕಡೆ ಗಡ್ಡೆ. ಪುಸ್ತಕ ತೆಗೆದರೆ ಅದರ ಮೇಲೇ ತಲೆಯಿಟ್ಟು ಮಲಗುವಳು. ನನ್ನ ಡ್ರಾಯರಿನಲ್ಲಿ ಹಿಂದೆಂದೋ ನನಗೆ ಕೊಟ್ಟಿದ್ದ ಅಮಾಕ್ಸಿಸಿಲಿನ್ ಮಾತ್ರೆ ಉಳಿದಿದ್ದವು. ಡಾಕ್ಟರನ್ನು ಕೇಳದೆ ಅವನ್ನೇ ಕೊಟ್ಟೆ. ಓದಿದವಳು ಅನ್ನುವ ಧಿಮಾಕು, ಮತ್ತೇನು? ಕೆಲವೇ ದಿನಕ್ಕೆ ಹುಡುಗಿಯ ಮೈತುಂಬ ಕೆಂಪು ದದ್ದು ಎದ್ದವು. ಹೆದರಿ ಆಸ್ಪತ್ರೆಗೆ ಕರೆದುಕೊಂಡು ಓಡಿದೆ.

ಡಾಕ್ಟರಮ್ಮ ಸಣ್ಣ ವಯಸ್ಸಿನವರು. ರಕ್ತಪರೀಕ್ಷೆ, ಸ್ಕ್ಯಾನ್ ಮಾಡಿಸಿ ಮರುದಿನ ಕೂರಿಸಿಕೊಂಡು ಹೇಳಿದರು. "ಇದು ಮೊನೊ ಮೇಡಂ. ಇನ್‌ಫೆಕ್ಷಿಯಸ್ ಮೊನೊನ್ಯೂಕ್ಲಿಯೋಸಿಸ್. ವೈರಸ್ಸು. ಈ ಕಾಯಿಲಿ ಇದ್ದಾಗ ಆ ಮಾತ್ರಿ ನುಂಗಿದ್ದಕ್ಕ ದದ್ದು ಎದ್ದಾವು. ಮಾತ್ರಿ ನಿಲ್ಲಿಸ್ರಿ, ಹೋಗ್ತಾವು."

"ಐಸೊಲೇಶನ್ ಬೇಕಾ ಡಾಕ್ಟ್ರೇ? ಮನೇಲಿ ಚಿಕ್ಕ ಮಗು ಇದೆ."

"ಏನೂ ಬ್ಯಾಡ್ರಿ. ಇದು ಗಾಳ್ಯಾಗ ಹಾರಿ ಬರೋದಲ್ಲ, ಎಂಜಲಿನಾಗ ಬರೋದು. ಇದಕ್ಕ ಲಸಿಕಿ ಇಲ್ಲ. ಮನ್ಯಾಗ ಯಾರ ಗ್ಲಾಸಿಗೂ ಇನ್ನೊಬ್ರು ಬಾಯಿ ಹಚ್ಚಬ್ಯಾಡ್ರಿ. ತಮ್ಮ ತಮ್ಮ ಗ್ಲಾಸು, ತಮ್ಮ ತಮ್ಮ ಚಮಚ, ತಮ್ಮ ತಮ್ಮ ಬ್ರಶ್ಶು. ಕೈ ತೊಳಕೊಳ್ರಿ. ಅಷ್ಟು ಸಾಕು. ಆಕಿ ಆರಾಮ ಆದಮ್ಯಾಲೂ ಎಂಜಲಿನಾಗ ಬಾಳ ದಿನ ಇರ್ತೈತಿ. ಹಂಗಾಗಿ ಇದನ್ನ ಎಲ್ಲಾರೂ ರೂಢಿ ಮಾಡ್ಕೊಂಡುಬಿಡ್ರಿ."

"ಯಾರಿಂದ ಬಂತು ಇವಳಿಗೆ?"

"ಹೇಳಾಕ ಬರಂಗಿಲ್ಲ ಮೇಡಂ. ನಮಗೆಲ್ಲ ಸಣ್ಣವರಿದ್ದಾಗ ಬಂದು ಹೋಗಿರ್ತೈತಿ, ಗೊತ್ತೂ ಆಗಿರಂಗಿಲ್ಲ. ಆದ್ರ ಮೈಯಾಗ ಉಳೀತೈತಿ, ಆಗಾಗ ಎಂಜಲಿನಾಗ ಬರ್ತೈತಿ. ನನ್ನ ಬಾಯಾಗೂ ಇರಬಹುದು, ನಿಮ್ಮ ಬಾಯಾಗೂ ಇರಬಹುದು."

ಸಂಜೆಯ ಅರ್ಧ ಕಪ್ ಕಾಫಿ ಆಗಲೇ ನನಗೆ ನೆನಪಾಗಬೇಕಿತ್ತು. ನೆನಪಾಯಿತು ಕೂಡ. ತಕ್ಷಣ ಆ ನೆನಪನ್ನು ಪಕ್ಕಕ್ಕೆ ಸರಿಸಿದೆ.

ಆಮೇಲೆ ಅವರು ಹುಡುಗಿಯ ಹೊಟ್ಟೆಯ ಎಡಭಾಗ ಒತ್ತಿ ನೋಡಿ, ಸ್ಕ್ಯಾನ್ ತೋರಿಸಿದರು. "ಮುಖ್ಯ ಇದು. ಗುಲ್ಮ ಅಂದ್ರ ಸ್ಪ್ಲೀನ್ ಬಾತೈತಿ. ಆರು ವಾರ ಭಾರ ಎತ್ತಬಾರದು, ಓಡಬಾರದು, ಹೊಟ್ಟಿಗೆ ಪೆಟ್ಟು ಬೀಳಬಾರದು. ಒಡೀತಂದ್ರ ಜೀವಕ್ಕ ಅಪಾಯ. ಆರು ವಾರ ಆದಮ್ಯಾಲೆ ಇನ್ನೊಂದು ಸ್ಕ್ಯಾನ್ ಮಾಡೋಣು." ನಾವು ಎದ್ದು ಬರುವಾಗ ಅವರು ನಕ್ಕು, "ಇಂಗ್ಲಿಷಿನಾಗ ಇದಕ್ಕ ಕಿಸ್ಸಿಂಗ್ ಡಿಸೀಸ್ ಅಂತಾರ್ರಿ. ಅದನ್ನ ಕೇಳಿ ಯಾರೂ ತಲಿ ಕೆಡಿಸ್ಕೋಬ್ಯಾಡ್ರಿ" ಅಂದರು.

ಅಲ್ಲಿಂದ ಹುಡುಗಿಯನ್ನು ಆಟೋದಲ್ಲಿ ಮನೆಗೆ ಕಳಿಸಿ ನಾನು ಬ್ರೂಸ್‌ಪೇಟೆಗೆ ಹೋದೆ. ಪಾತ್ರೆ ಅಂಗಡಿಯಲ್ಲಿ ಒಂದು ಸ್ಟೀಲ್ ಗ್ಲಾಸು, ಒಂದು ತಟ್ಟೆ, ಒಂದು ಚಮಚ ಕೇಳಿದೆ.

"ಒಕ್ಕಟೇನಾ ಅಮ್ಮಾ?" ಅಂದ ಅಂಗಡಿಯಾತ, ಒಂದೇನಾ ಅಂತ. "ಆರರ ಸೆಟ್ ಐತಿ, ತೊಗೊಳ್ರಿ. ಮನಿ ಮಂದಿಗೆಲ್ಲ ಆಗ್ತೈತಿ."

"ಒಂದೇ ಸಾಕು."

ಈಗ ಯೋಚಿಸಿದರೆ ಡಾಕ್ಟರಮ್ಮ ಹೇಳಿದ್ದನ್ನು ನನಗಿಂತ ಆ ಅಂಗಡಿಯಾತನೇ ಸರಿಯಾಗಿ ತಿಳಿದಿದ್ದ. ಎಲ್ಲರಿಗೂ ಹೇಳಿದ ನಿಯಮವನ್ನು ನಾನು ಒಬ್ಬಳಿಗೆ ಮಾಡಿದೆ. ಮೊಮ್ಮಗಳ ನೇಲ್ ಪಾಲಿಶ್ ತಂದು ಹೊಸ ಗ್ಲಾಸಿನ ತಳಕ್ಕೆ ಕೆಂಪು ಚುಕ್ಕೆ ಇಟ್ಟೆ, ತಟ್ಟೆಯ ಬೆನ್ನಿಗೂ ಇಟ್ಟೆ. ಅಡುಗೆಮನೆಯ ರ‍್ಯಾಕಿನಲ್ಲಿ ಬೇರೆ ಪಾತ್ರೆಗಳ ಜೊತೆ ಬೆರೆತುಹೋದೀತು ಎಂದು ಹಿತ್ತಲ ಬಾಗಿಲ ಪಕ್ಕದ ಗೂಡಿನಲ್ಲಿ ಬೋರಲು ಹಾಕಿದೆ. ಅಲ್ಲಿ ಜಾಗ ಇತ್ತು, ಅದಕ್ಕೇ ಇಟ್ಟೆ. ಹಾಗಂತ ನನಗೆ ನಾನೇ ಹೇಳಿಕೊಂಡೆ.

ಮಗಳು ಬ್ಯಾಂಕಿನಿಂದ ಬಂದವಳು ನೋಡಿ ಕೇಳಿದಳು. "ಅಮ್ಮಾ, ಎಲ್ಲಾರಿಗೂ ಬೇರೆ ಬೇರೆ ಗ್ಲಾಸು ಅಂತ ಅಲ್ವಾ ಡಾಕ್ಟರ್ ಹೇಳಿದ್ದು? ಆಕಿಗೊಬ್ಬಾಕಿಗೇ ಯಾಕ?"

"ಮಗು ಐತಿ ಮನ್ಯಾಗ. ಪ್ರಿವೆನ್ಷನ್ ಅಂದ್ರ ಪ್ರಿವೆನ್ಷನ್. ಸುಮ್ನಿರು ನೀನು."

ಅವಳು ಬಟ್ಟೆ ಬದಲಿಸಲು ಒಳಗೆ ಹೋದಳು. ಹುಡುಗಿ ಯಾಕೆ ಎಂದು ಕೇಳಲೂ ಇಲ್ಲ. ನಾವು ನಾಲ್ವರು ಮಾತ್ರ ಮೊದಲಿನ ಹಾಗೇ ಫಿಲ್ಟರಿನ ಮೇಲಿನ ಒಂದೇ ಗ್ಲಾಸಿಗೆ ಬಾಯಿ ಹಚ್ಚುತ್ತಿದ್ದೆವು. ಮೊಮ್ಮಗಳು ಕುಡಿದದ್ದರಲ್ಲಿ ನಾನು, ನಾನು ಕುಡಿದದ್ದರಲ್ಲಿ ಅಳಿಯ. ಇದರಲ್ಲಿ ಯಾವ ಹೈಜೀನ್ ಇತ್ತು? ಹುಡುಗಿ ತನ್ನ ರೂಮಿನಲ್ಲಿ ಉಂಡು, ಹಿತ್ತಲ ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ತನ್ನ ತಟ್ಟೆ ತಾನೇ ತೊಳೆದು, ಒರೆಸಿ, ಗೂಡಿನಲ್ಲಿ ಇಡುತ್ತಿದ್ದಳು. ಹಾಗೆ ತೊಳಿ ಎಂದು ನಾನು ಹೇಳಿರಲಿಲ್ಲ. ಬೇಡ ಅಂತಲೂ ಹೇಳಲಿಲ್ಲ. ಗೂಡನ್ನು ನೋಡಿದ ಕೂಡಲೇ ಏನು ಮಾಡಬೇಕೆಂದು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಅವಳ ತಾಯಿಗೆ ಫೋನಿನಲ್ಲಿ "ಗಂಟಲು ನೋವು, ಸ್ವಲ್ಪ ಜ್ವರ, ಈಗ ಆರಾಮ" ಅಂದಿದ್ದೆ. ಗುಲ್ಮದ ಮಾತು ಎತ್ತಲಿಲ್ಲ. ಎತ್ತಿದರೆ ಕಾಯಿಲೆಯ ಹೆಸರು ಬರುತ್ತದೆ, ಹೆಸರಿನ ಜೊತೆ ಆ ಅಡ್ಡಹೆಸರು ಬರುತ್ತದೆ, ಹಳ್ಳಿಯವಳು ಏನು ತಿಳಿದಾಳೋ ಎಂದುಕೊಂಡೆ. ಅವಳು ಏನು ತಿಳಿಯುತ್ತಾಳೆಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ.

ಎರಡು ವಾರ ಕಳೆದು ಒಂದು ಭಾನುವಾರ ಆ ತಾಯಿ ಅಕ್ಕಿಯ ಚೀಲ ಹೊತ್ತುಕೊಂಡು ಬಂದಳು. ಮುಂದಿನ ಬಾಗಿಲಿಗೆ ಬಾ ಅಂತ ಎಷ್ಟು ಸಲ ಹೇಳಿದರೂ ಅವಳು ಬರುವುದು ಹಿತ್ತಲಿನಿಂದಲೇ. ಚೀಲ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಗೂಡಿನ ಕಡೆ ನೋಡಿದಳು. ಗ್ಲಾಸು ತೆಗೆದು ತಿರುಗಿಸಿ ಕೆಂಪು ಚುಕ್ಕೆ ನೋಡಿದಳು.

"ಇದು ಯಾರದು?"

"ನಂದು" ಅಂದಳು ಹುಡುಗಿ.

ನಾನು ಗಡಬಡಿಸಿ, "ಜ್ವರ ನೋಡವ್ವ, ಅಂಟುಜಾಡ್ಯ. ಡಾಕ್ಟರೇ ಹೇಳ್ಯಾರ" ಅಂದೆ. ಪೂರ್ತಿ ಸುಳ್ಳಲ್ಲ, ಆದರೆ ಸುಳ್ಳೇ.

ಅವಳು ಗ್ಲಾಸನ್ನು ಇದ್ದ ಹಾಗೇ ಬೋರಲು ಇಟ್ಟಳು. "ಜಡ್ಡಾದವರಿಗೆ ಬ್ಯಾರೆ ಇಡೋದು ನಾವೂ ಮಾಡ್ತೀವ್ರಿ ಅಮ್ಮಾರ. ಆದ್ರ ಮನಿ ಒಳಗ ಇಡ್ತೀವಿ." ಮಗಳ ಕಡೆ ತಿರುಗಿ, "ಬಟ್ಟಿ ಬ್ಯಾಗಿಗೆ ಹಾಕ್ಕೊ. ಸಿರುಗುಪ್ಪ ಬಸ್ಸು ಐತಿ ಈಗ" ಅಂದಳು.

ಹುಡುಗಿ ಬ್ಯಾಗು ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಳು. ನನ್ನ ಮುಖ ನೋಡಿದಳು. ಭಾರ ಎತ್ತಬಾರದು ಎಂದು ಅವಳ ತಾಯಿಗೆ ಹೇಳಲು ನನಗೆ ಎಷ್ಟು ಹೊತ್ತು ಬೇಕಿತ್ತು? ಒಂದು ನಿಮಿಷವೂ ಬೇಡ. ಆದರೆ ಈಗ ಕಾಯಿಲೆಯ ಮಾತು ತೆಗೆದರೆ ಗೂಡಿನ ತಪ್ಪು ಮುಚ್ಚಿಕೊಳ್ಳಲು ತೆಗೆದ ಹಾಗೆ ಕಾಣುತ್ತದಲ್ಲ ಎಂದು ನಾಲಿಗೆ ಏಳಲಿಲ್ಲ. ನನ್ನ ಮಾನದ ಮುಂದೆ ಅವಳ ಗುಲ್ಮ ಹಗುರವಾಯಿತು.

"ಬರ್ತೀನ್ರಿ ಅಮ್ಮಾರ" ಅಂದಳು ಹುಡುಗಿ. ಅಜ್ಜಿ ಅನ್ನಲಿಲ್ಲ.

ಅವರು ಹೋದ ಮೇಲೆ ಶುರುವಾಯಿತು ನನ್ನ ಹೆದರಿಕೆ. ಕಾಲುವೆಗೆ ನೀರು ಬಿಟ್ಟಿದ್ದರು, ಆ ಕಡೆಯೆಲ್ಲ ನಾಟಿಯ ಹೊತ್ತು. ಸಸಿಮಡಿಯಿಂದ ಗದ್ದೆಗೆ ಸಸಿಯ ಕಟ್ಟುಗಳನ್ನು ಹೊರುವುದು ಹರೆಯದ ಹುಡುಗಿಯರ ಕೆಲಸ. ನೀರು ಜಿನುಗುವ ಆ ಹಸಿ ಕಟ್ಟು ಎಷ್ಟು ಭಾರವೆಂದು ನನಗೆ ಗೊತ್ತು. ಜೊತೆಗೆ ಕೆಸರಿನ ಬದು, ಕಾಲು ಜಾರಿದರೆ ಹೊಟ್ಟೆಗೇ ಪೆಟ್ಟು. ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಸಿರುಗುಪ್ಪದಲ್ಲಿ ಇಳಿದು, ಅಕ್ಕಿ ಗಿರಣಿಗಳ ಧೂಳು ದಾಟಿ, ರಾರಾವಿಗೆ ಆಟೋ ಹಿಡಿದೆ. ದಾರಿಯುದ್ದಕ್ಕೂ ತಲೆಯ ಮೇಲೆ ಕಟ್ಟು ಹೊತ್ತ ಹುಡುಗಿಯರು ಕಂಡಾಗಲೆಲ್ಲ ಆಟೋ ನಿಲ್ಲಿಸಿ ಮುಖ ನೋಡಿದೆ.

ಗದ್ದೆಯಲ್ಲಿ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಬಗ್ಗಿ ನಾಟಿ ಹಚ್ಚುತ್ತಿದ್ದರು. ಬದುವಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ತಡವರಿಸುತ್ತ ಬರುವ ಮುದುಕಿಯನ್ನು ಕಂಡು ಒಬ್ಬಳು ನೆಟ್ಟಗಾದಳು.

"ಯಾರ ಬಂದಾರ ನೋಡ್ರೇ! ಬಳ್ಳಾರಿ ಅಮ್ಮಾರು!"

"ಬರ್ರಿ ಅಮ್ಮಾರ, ನೀರು ಬೇಕೇನ್ರಿ?" ಅಂದಳು ಇನ್ನೊಬ್ಬಳು. "ನಿಮ್ಮ ಗ್ಲಾಸು ನೀವೇ ತಂದೀರಿಲ್ಲೋ? ನಮ್ಮದು ನಡೀತದೇನು?"

ಸಾಲಿಗೆ ಸಾಲೇ ನಕ್ಕಿತು. ಒಂದೇ ದಿನದಲ್ಲಿ ಕೇರಿಗೆಲ್ಲ ಸುದ್ದಿಯಾಗಿತ್ತು. ಆಗಲೇಬೇಕಿತ್ತು.

ಹುಡುಗಿ ದಂಡೆಯ ಜಾಲಿ ಮರದ ನೆರಳಲ್ಲಿ ಕೂತಿದ್ದಳು, ತೊಡೆಯ ಮೇಲೆ ಪುಸ್ತಕ. ಅದನ್ನು ನೋಡಿದ ಮೇಲೆ ಕೈಯಲ್ಲಿದ್ದ ಚಪ್ಪಲಿ ಕೆಳಗಿಟ್ಟೆ. ತಾಯಿ ಕೈಯ ಕೆಸರು ತೊಳೆದುಕೊಂಡು ಬದುವಿಗೆ ಬಂದಳು.

"ಆಕಿಗೆ ಗುಲ್ಮ ಬಾತೈತವ್ವ, ಭಾರ ಎತ್ತಿಸಬ್ಯಾಡ, ಡಾಕ್ಟರು..." ಎಂದು ಒಂದೇ ಉಸಿರಿಗೆ ಶುರು ಮಾಡಿದೆ.

"ಗೊತ್ರಿ. ಬಸ್ಸಿನಾಗ ಹೇಳಿದ್ಳು, ರೋಗದ ಹೆಸರೂ ಹೇಳಿದ್ಳು. ಹೇಳದಿದ್ರೂ ಆಕಿ ಮಾರಿ ನೋಡಿದ್ರ ತಿಳಿಯಂಗಿಲ್ಲೇನ್ರಿ ನನಗ? ಕಟ್ಟು ಹೊರಸೋ ತಾಯೇನ್ರಿ ನಾನು?" ಸ್ವಲ್ಪ ತಡೆದು ಅಂದಳು. "ನಿನ್ನಿ ಬಾಗಲದಾಗ ನಿಂತು ನಿಮ್ಮ ಮಾರಿ ನೋಡಿದ್ಳಂತ. ನೀವು ಹೇಳ್ತೀರಿ ಅಂದ್ಕೊಂಡಿದ್ಳಂತ. ನೀವು ಹೇಳಲಿಲ್ಲ."

"ತಪ್ಪಾತವ್ವ" ಅಂದೆ. ನಾಟಿಯ ಸಾಲು ನಕ್ಕಷ್ಟೇ ಬೇಗ ಸುಮ್ಮನಾಗಿ ಕಿವಿ ಕೊಟ್ಟಿತ್ತು. "ಮನಿಗೆ ಕಳಿಸು. ಎಲ್ಲಾ ಬದಲಿ ಮಾಡ್ತೀನಿ. ನಾನೇ ನೋಡ್ಕೊಂತೀನಿ."

"ಬ್ಯಾಡ್ರಿ." ಸಿಟ್ಟಿನಿಂದ ಅನ್ನಲಿಲ್ಲ, ಅದಕ್ಕೇ ಅದು ಬದಲಾಗುವ ಮಾತಲ್ಲ ಎಂದು ತಿಳಿಯಿತು. "ಕಾಲೇಜಿನ ಹತ್ರ ಆಕಿ ಗೆಳತ್ಯಾರು ಮೂರು ಮಂದಿ ರೂಮು ಮಾಡ್ಯಾರ. ಅಲ್ಲೇ ಇರ್ತಾಳ. ಒಂದs ಚಿಂತಿ ನನಗ. ಅದು ಮೂರನೇ ಮಾಳಿಗಿ, ಮ್ಯಾಲೆ ನಲ್ಲಿ ಇಲ್ಲ, ಬಕೆಟ್ಟಿನಾಗ ನೀರು ಹೊರಬೇಕು. ಈಕಿ ಬಾಯಿ ಬಿಟ್ಟು ಹೇಳಾಕಿ ಅಲ್ಲ, ಸುಮ್ನ ಹೊತ್ತುಬಿಡ್ತಾಳ. ನಾ ಹೇಳಿದ್ರ ಆ ಹುಡುಗ್ಯಾರು ಕೇಳಂಗಿಲ್ಲ. ನೀವು ಸಾಲಿ ಕಲಿಸಿದೋರು. ನೀವು ಹೋಗಿ ತಿಳಿಸಿ ಹೇಳ್ರಿ ಅವರಿಗೆ, ಈಕಿನ್ನ ದೂರ ಇಡದಂಗ."

ಕೊನೆಯ ಮಾತನ್ನು ಅವಳು ಬೇಕೆಂದೇ ಸೇರಿಸಿದಳೋ ಇಲ್ಲವೋ. ನಾನು ತಲೆಯಾಡಿಸಿದೆ.

ವಾಪಸು ಬಂದ ದಿನವೇ ಬ್ರೂಸ್‌ಪೇಟೆಗೆ ಹೋಗಿ ಉಳಿದ ಗ್ಲಾಸುಗಳನ್ನು ತಂದೆ. "ಆವತ್ತೇ ಅಂದ್ನಲ್ಲಮ್ಮಾ" ಅಂದ ಅಂಗಡಿಯಾತ. ಈಗ ನಮ್ಮ ಮನೆಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಗ್ಲಾಸಿದೆ. ಮೊಮ್ಮಗಳಿಗೆ ಅದೊಂದು ಆಟ. ತನ್ನ ಗ್ಲಾಸಿಗೆ ತಾನೇ ಹೂವಿನ ಸ್ಟಿಕರ್ ಅಂಟಿಸಿಕೊಂಡಿದ್ದಾಳೆ. ಅಷ್ಟು ಸುಲಭವಾಗಿತ್ತು.

ಮುಂದಿನ ಸೋಮವಾರ ಆ ರೂಮಿಗೆ ಹೋದೆ. ಮೂರು ಮಾಳಿಗೆ ಹತ್ತುವಷ್ಟರಲ್ಲಿ ನನಗೇ ಏದುಸಿರು. ಒಂದೇ ರೂಮು, ನಾಲ್ಕು ಹಾಸಿಗೆ, ಬಾಗಿಲ ಬಳಿ ಎರಡು ಬಕೆಟ್ಟು. ನಾನು ಒಳಗೆ ಕಾಲಿಡುವಾಗ ಒಂದು ನೀರಿನ ಬಾಟಲಿ ಬಾಯಿಂದ ಬಾಯಿಗೆ ಹೋಗುತ್ತಿತ್ತು. ನಮ್ಮ ಹುಡುಗಿ ಎದ್ದು ನನಗೆ ಚಾಪೆ ಹಾಸಿ, "ಇವರು ನಾ ಮೊದಲಿದ್ದ ಮನ್ಯೋರು. ಟೀಚರಾಗಿದ್ರು" ಅಂತ ಪರಿಚಯ ಮಾಡಿದಳು.

ನಾನು ಕಾಯಿಲೆಯ ಹೆಸರು ಹೇಳಿದೆನೋ ಇಲ್ಲವೋ, ಒಬ್ಬಳು ಫೋನಿನಲ್ಲಿ ಹುಡುಕಿ ಕಿಸಕ್ಕನೆ ನಕ್ಕಳು. "ಕಿಸ್ಸಿಂಗ್ ಡಿಸೀಸ್ ಅಂತ! ಲೇ, ಯಾವನ್ಲೇ ಅಂವ? ನಮಗ ಹೇಳೇ ಇಲ್ಲ ನೀನು!"

"ಸ್ಟೀಲ್ ಗ್ಲಾಸು ಲೇ" ಅಂದಳು ನಮ್ಮ ಹುಡುಗಿ. "ನನ್ನ ಹಣೇಬರಹಕ್ಕ ಅದs ಸಿಕ್ಕಿದ್ದು."

ನಾಲ್ವರೂ ಬಿದ್ದು ಬಿದ್ದು ನಕ್ಕರು. ಇಷ್ಟು ಹಗುರವಾಗಿ ನಗುವಂಥ ಹೆಸರನ್ನೇ ನಾನು ಬಾಂಬಿನ ಹಾಗೆ ಬಚ್ಚಿಟ್ಟಿದ್ದು.

ನಾನು ಕ್ಲಾಸಿನಲ್ಲಿ ಹೇಳುವ ಹಾಗೆ ಒಂದೊಂದಾಗಿ ಹೇಳಿದೆ. ಇವಳ ಜೊತೆ ಕೂರಬಹುದು, ಉಣ್ಣಬಹುದು, ಮಲಗಬಹುದು. ಎಂಜಲು ಮಾತ್ರ ಯಾರದೂ ಯಾರಿಗೂ ಬೇಡ. ಬಾಟಲಿ, ಚಮಚ, ಬ್ರಶ್ಶು, ಲಿಪ್‌ಸ್ಟಿಕ್ಕು, ಎಲ್ಲ ತಮ್ಮ ತಮ್ಮದು. ಇವಳದೊಂದನ್ನೇ ಬೇರೆ ಮಾಡುವುದಲ್ಲ, ನಾಲ್ವರದೂ ಬೇರೆ. ಯಾರ ಬಾಯಲ್ಲಿ ವೈರಸ್ ಇದೆಯೋ ಹೇಳಲು ಬರುವುದಿಲ್ಲ. ಮತ್ತೆ, ಇವಳು ಬಕೆಟ್ ಎತ್ತಬಾರದು.

ಮೂಲೆಯಲ್ಲಿ ಕೂತವಳು, ಅಲ್ಲಿಯವರೆಗೆ ಮಾತಾಡದೇ ಇದ್ದವಳು, ಕೇಳಿದಳು. "ನಿಮ್ಮ ಮನ್ಯಾಗೂ ಹಿಂಗs ಮಾಡಿದ್ರೇನ್ರಿ ಮೇಡಂ? ಎಲ್ಲಾರೂ ಬ್ಯಾರೆ ಬ್ಯಾರೆ?"

ಹೌದು ಅಂದುಬಿಡಬಹುದಿತ್ತು. ಹುಡುಗಿ ನನ್ನನ್ನು ತಿದ್ದುತ್ತಿರಲಿಲ್ಲ, ಸುಮ್ಮನೆ ಕೂತಿರುತ್ತಿದ್ದಳು. ಅವಳು ಸುಮ್ಮನಿರುವುದನ್ನು ನಾನು ಆಗಲೇ ಬೇಕಾದಷ್ಟು ಬಳಸಿಕೊಂಡಿದ್ದೆ.

"ಇಲ್ಲವ್ವ" ಅಂದೆ. "ಇವಳದೊಂದೇ ಬ್ಯಾರೆ ಮಾಡಿದೆ. ಹಿತ್ತಲದಾಗ ಇಟ್ಟೆ. ಡಾಕ್ಟರು ಹಂಗ ಹೇಳಿರಲಿಲ್ಲ. ಇದು ನನ್ನ ಬಾಯಿಂದನ ಇವಳಿಗೆ ಬಂದಿದ್ರೂ ಬಂದಿರಬಹುದು, ನನ್ನ ಎಂಜಲ ಕಾಫಿ ದಿನಾ ಕುಡಿಸಿದಾಕಿ ನಾನು. ಆದ್ರೂ ಇವಳ ಗ್ಲಾಸನ್ನs ಹೊರಗಿಟ್ಟೆ."

ಒಬ್ಬಳು ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತಳು. ನಮ್ಮ ಹುಡುಗಿ ಚಾದರದ ದಾರ ಎಳೆಯುತ್ತಿದ್ದವಳು ತಲೆಯೆತ್ತದೆ ಅಂದಳು. "ಬಕೆಟ್ಟಿನ ವಿಷಯ ಇನ್ನೊಮ್ಮೆ ಹೇಳ್ರಿ. ಇವರು ಮರೀತಾರ."

ನಾನು ಇನ್ನೊಮ್ಮೆ ಹೇಳಿದೆ. ಎಷ್ಟು ವಾರ, ಯಾಕೆ, ಎಡಭಾಗದಲ್ಲಿ ಜೋರು ನೋವು ಬಂದರೆ ಎಲ್ಲಿಗೆ ಓಡಬೇಕು. ಒಬ್ಬಳು ಗೋಡೆಯ ಕ್ಯಾಲೆಂಡರಿನಲ್ಲಿ ಸ್ಕ್ಯಾನಿನ ದಿನಕ್ಕೆ ಗುರುತು ಹಾಕಿದಳು.

ಸ್ಕ್ಯಾನಿನ ದಿನ ಸಂಜೆ ಫೋನ್ ಬಂದದ್ದು ತಾಯಿಯಿಂದ, ಹುಡುಗಿಯಿಂದಲ್ಲ. "ಗುಲ್ಮ ಮೊದಲಿನಂಗ ಆಗೇತಂತ್ರಿ. ಇನ್ನ ಭಾರ ಎತ್ತಬಹುದಂತ."

"ಅಲ್ಲಿ ಎತ್ತಿಸಿದ್ರೇನು ಇಷ್ಟು ದಿನ?"

"ಇಲ್ರೀ. ಆ ಮೂರೂ ಹುಡುಗ್ಯಾರು ಪಾಳಿ ಹಚ್ಚಿಕೊಂಡು ಹೊತ್ತಾರ. ಒಂದು ತಂಬಿಗಿನೂ ಎತ್ತಾಕ ಬಿಟ್ಟಿಲ್ಲಂತ."

ಒಳ್ಳೇದಾತು ಅಂದೆ. ಅವರು ಮೂವರು, ಇನ್ನೂ ಇಪ್ಪತ್ತು ತುಂಬದವರು. ನಮ್ಮ ಮನೆಯಲ್ಲಿ ನಾವು ನಾಲ್ವರಿದ್ದೆವು.